ಎಡಕ್ಕೆ ವಾಲುವ ವಿಮಾನ

ಲರ್ವಿಕ್ ಬಂದರಿನಲ್ಲಿ ಇವತ್ತು ಹಡಗಿಲ್ಲ.
ಬೋರ್ಡಿನ ಮೇಲೆ ಒಂದೇ ಪದ: ರದ್ದು.
ಕಾವಲು ನನ್ನದು, ಕಾಯುವುದಕ್ಕೆ ಏನೂ ಇಲ್ಲ,
ಮೂರು ಖಾಲಿ ಬೆಂಚು, ಒಂದು ಚಹಾ ಯಂತ್ರ,
ಯಾರೋ ಮರೆತ ಎಡಗೈ ಗವಸು.
ಲ್ಯಾಪ್‌ಟಾಪ್ ತೆರೆದೆ.

ಅಲ್ಲಿ ನಾವೆಲ್ಲ ವಿಮಾನ ಕಟ್ಟುವವರು.
ತಗಡಿಲ್ಲ, ಮೊಳೆಯಿಲ್ಲ, ಪೆಟ್ರೋಲಿನ ವಾಸನೆಯಿಲ್ಲ;
ತುಂಡಿಗೆ ತುಂಡು ಅಂಟಿಸಿ
ರೆಕ್ಕೆ ಎಳೆದು, ಮೂತಿ ತೀಡಿ,
ಭಾರದ ಕೆಂಪು ಚೆಂಡು, ಎತ್ತುವ ನೀಲಿ ಚೆಂಡು
ಒಂದರ ಹಿಂದೊಂದು ಕೂರುವ ತನಕ ತಿಣುಕಿ,
ಕಡೆಗೂ ಹಾರಿತೆಂದರೆ
ಎಲ್ಲರಿಗೂ ಬಿಟ್ಟುಕೊಡುತ್ತೇವೆ, ಬಿಚ್ಚಿ ನೋಡಿ ಎಂದು.
ನಾನು ಕಟ್ಟಿದ್ದು ಹನ್ನೊಂದು. ಹಾರಿದ್ದು ನಾಲ್ಕು.
ಅದರಲ್ಲೊಂದು ಥೇಟ್ ಮೀನಿನ ಪೆಟ್ಟಿಗೆ.
ಹೆತ್ತವರಿಗೆ ಹೆಗ್ಗಣ ಮುದ್ದು; ಅಳಿಸಿಲ್ಲ.

ಈ ವಾರ ಬಂದದ್ದು ಪುಂತಾ ಅರೇನಾಸಿನಿಂದ,
ಭೂಮಿಯ ಇನ್ನೊಂದು ತುದಿ, ಚಿಲಿಯ ಕಾಲುಬೆರಳು.
ಕಟ್ಟಿದವಳು ಲಿಯೋಕಾಡಿಯಾ ಬಾರಿಯಾ,
ಟೈರ್ ಪಂಕ್ಚರ್ ಅಂಗಡಿಯವಳು, ಅಷ್ಟೇ ಗೊತ್ತು.
ವಿಮಾನದ ಹೆಸರು ‘ಅಂಚೆ’. ಮುನ್ನೂರ ಹನ್ನೆರಡು ತುಂಡು.
ಅಗಲ ರೆಕ್ಕೆ, ಗಿಡ್ಡ ಬಾಲ, ಹಳದಿ ಹೊಟ್ಟೆ.
ವಿವರದ ಜಾಗದಲ್ಲಿ ಒಂದೇ ಮಾತು: ನಮ್ಮೂರಿಗೆ ಆಗುತ್ತದೆ.
ಏರಿದ ಕೂಡಲೇ ಎಡಕ್ಕೆ ವಾಲುತ್ತದೆ.
ಇಳಿಯುವಾಗ ಏಡಿಯ ಹಾಗೆ ಓರೆಯಾಗಿ ಸರಿದು
ರನ್‌ವೇ ಬಿಟ್ಟು ಹುಲ್ಲಿಗೆ ಹೋಗುತ್ತದೆ.
ಹಾರಿಸಿದವರೆಲ್ಲ ನಕ್ಕರು. ನಾನೂ ನಕ್ಕೆ.

ಬಿಚ್ಚಿದೆ.
ಬೇರೆಯವರ ವಿಮಾನ ಬಿಚ್ಚುವುದೆಂದರೆ
ಬೇರೆಯವರ ಅಡುಗೆಮನೆಯಲ್ಲಿ ಉಪ್ಪು ಹುಡುಕಿದ ಹಾಗೆ:
ಯಾವ ಡಬ್ಬಿ ಎಲ್ಲಿ, ಯಾಕೆ ಅಲ್ಲಿ,
ಅವಳ ಕೈಯಳತೆಗೆ ಮಾತ್ರ ಗೊತ್ತು.
ಪೈಲಟ್ ಸೀಟಿನ ಕೆಳಗೆ, ಯಾರಿಗೂ ಕಾಣದ ಕಡೆ,
ಒಂದು ಪುಟ್ಟ ಥರ್ಮಾಸ್ ಇಟ್ಟಿದ್ದಾಳೆ.
ಮತ್ತೆ ಎಡರೆಕ್ಕೆಯ ತುದಿಯೊಳಗೆ
ಒಂದು ಸೀಸದ ಗಟ್ಟಿ.
ಚುಕ್ಕಾಣಿ, ಎರಡು ಡಿಗ್ರಿ ಬಲಕ್ಕೆ.

ತಪ್ಪು ಸಿಕ್ಕಿತು ಎಂದುಕೊಂಡೆ.
ಗಟ್ಟಿ ತೆಗೆದೆ. ಚುಕ್ಕಾಣಿ ನೇರ ಮಾಡಿದೆ.
ಗೆರೆ ಹೊಡೆದಂತೆ ಹಾರಿತು.
ಇಸ್ತ್ರಿ ಮಾಡಿದ ಆಕಾಶದಲ್ಲಿ
ಇಸ್ತ್ರಿ ಮಾಡಿದ ವಿಮಾನ.
ಬೇಸರವಾಯಿತು, ಯಾಕೋ.

ಆಗ ಹೊರಗೆ ಏನೋ ಧಡಾರೆಂದಿತು.
ಕಸದ ಡಬ್ಬಿಯೊಂದು ಕಾರು ನಿಲ್ಲಿಸುವ ಬಯಲು ದಾಟಿ
ನನ್ನ ಕಿಟಕಿಗೆ ಹಾಯ್ದು, ಬೇಲಿಯನ್ನು ತಬ್ಬಿ ನಿಂತಿತು.
ಇಡೀ ಕಟ್ಟಡ ನರಳುತ್ತಿತ್ತು, ಸಂಜೆಯಿಂದಲೂ.
ಹಡಗು ಯಾಕೆ ರದ್ದಾಯಿತು ಮತ್ತೆ?
ಮನೆಯಿಂದ ಇಲ್ಲಿಗೆ ಬರುವಾಗ ನಾನೇ
ಎಡಭುಜ ಮುಂದೆ ಮಾಡಿ, ತಲೆ ತಗ್ಗಿಸಿ,
ಓರೆಯಾಗಿ ನಡೆದು ಬಂದಿದ್ದೆ.
ಏಡಿಯ ಹಾಗೆ.

ನಮ್ಮ ಆಟದಲ್ಲೂ ಗಾಳಿಯಿದೆ.
ಪಟ್ಟಿಯ ತೀರಾ ಕೆಳಗೆ, ಸೊನ್ನೆಗೆ ಒತ್ತಿಟ್ಟ ಒಂದು ಜಾರುಗುಂಡಿ,
ಯಾರೂ ಮುಟ್ಟುವುದಿಲ್ಲ.
ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ;
ಗಾಳಿ ನಿಲ್ಲದ ಊರಿನವರು ಏನು ಮಾಡಬೇಕು?

ಅವಳದನ್ನೇ ಮತ್ತೆ ತೆರೆದೆ, ನಾನು ಕೈಯಾಡಿಸದ್ದನ್ನು.
ಪಶ್ಚಿಮ. ಮೂವತ್ತು ನಾಟ್.
ಗಟ್ಟಿ ಅದರ ಜಾಗದಲ್ಲಿ, ಚುಕ್ಕಾಣಿ ಅದರ ಎರಡು ಡಿಗ್ರಿಯಲ್ಲಿ.
ಉತ್ತರಕ್ಕೆ ಮುಖ ಮಾಡಿ ಬಿಟ್ಟೆ.
ಹಳದಿ ಹೊಟ್ಟೆ ಎಡಕ್ಕೆ ವಾಲಿ, ಗಾಳಿಗೆ ಭುಜ ಕೊಟ್ಟು
ರನ್‌ವೇಯ ನಡುಗೆರೆಯ ಮೇಲೆ
ಕೂದಲೆಳೆಯಷ್ಟೂ ಆಚೀಚೆಯಾಗದೆ ಬಂದು
ಮೊದಲು ಒಂದು ಗಾಲಿ ಊರಿತು,
ಆಮೇಲೆ, ನಿಧಾನಕ್ಕೆ, ಇನ್ನೊಂದು.

ಅವಳಿಗೆ ಬರೆದೆ: ಗಾಳಿ ಹಾಕಿ ನೋಡಿದೆ.
ಉತ್ತರ ಬಂತು, ಅನುವಾದ ಯಂತ್ರದ ಮುರುಕು ಮಾತಿನಲ್ಲಿ:
‘ಗಿಬ್ಬಿ, ಇಲ್ಲಿ ಬೀದಿ ಮೂಲೆಗೆ ಹಗ್ಗ ಕಟ್ಟುವರು,
ಮುದುಕಿಯರು ಹಿಡಿದು ದಾಟುವರು.
ನೇರ ನಿಂತ ವಸ್ತು ನಾನು ಕಂಡಿಲ್ಲ, ಮರ ಕೂಡ.
ನಿನಗೆ ಹೇಗೆ ತಿಳಿಯಿತು?’

ಕಸದ ಡಬ್ಬಿಯ ಫೋಟೋ ಕಳಿಸಿದೆ.